ಸೀಸನ್ ಮುಗೀತು, ಇನ್ನು ಬೇಡ ಅಂದ್ರು. ಸಂಬಳ, ಡಿಪಾಸಿಟ್, ಮಾರ್ಕ್ಸ್ ಕಾರ್ಡ್ ಎಲ್ಲ ಅವರ ಹತ್ರನೇ ಇದೆ

ಅಡುಗೆಮನೆ ಹುಡುಗ
ಎಲ್ಲರಿಗೂ ನಮಸ್ಕಾರ. ಗೋಕರ್ಣದ ಒಂದು ಬೀಚ್ ರೆಸಾರ್ಟಿನ ಅಡುಗೆಮನೆಯಲ್ಲಿ ಹೆಲ್ಪರ್ ಆಗಿ ಮೂರು ಸೀಸನ್ ಕೆಲಸ ಮಾಡಿದ್ದೇನೆ. ನನ್ನ ಊರು ಅಂಕೋಲಾ ಕಡೆ. ತಿಂಗಳಿಗೆ 14,000, ಊಟ ಅಲ್ಲೇ. ಈ ಸಲ ಅಕ್ಟೋಬರ್ 15ಕ್ಕೆ ಸೇರಿದೆ, ಮೇ 31ರವರೆಗೆ ಇದ್ದೆ. 31ರ ರಾತ್ರಿ ಪಾತ್ರೆ ಎಲ್ಲ ತೊಳೆದು ಮಲಗುವ ಹೊತ್ತಿಗೆ ಮ್ಯಾನೇಜರ್ ವಾಟ್ಸಾಪ್ ಬಂತು, "ಇನ್ನು ನೀನು ಬೇಡ. ಬೇರೆ ಕಡೆ ನೋಡ್ಕೊ." ಅಷ್ಟೇ. ಮೇ ತಿಂಗಳ ಸಂಬಳ ಬಂದಿಲ್ಲ. ಮೊದಲ ಸೀಸನ್ನಿನಲ್ಲೇ ಡಿಪಾಸಿಟ್ ಅಂತ 5,000 ಹಿಡಿದಿದ್ದರು, ಅದೂ ಇಲ್ಲ. ಎಸ್ಸೆಸ್ಸೆಲ್ಸಿ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಅವರ ಕಪಾಟಿನಲ್ಲಿದೆ. ಫೋನ್ ಮಾಡಿದರೆ "ಸಾಹೇಬ್ರು ಮಳೆಗಾಲ ಮುಗಿದ ಮೇಲೆ ಬರ್ತಾರೆ" ಅಂತಾರೆ. ಕೆಲಸಕ್ಕೆ ಸೇರುವಾಗ ಒಂದು ಕಾಗದವೂ ಕೊಟ್ಟಿಲ್ಲ. ಕಾಗದ ಇಲ್ಲದೆ ಏನಾದರೂ ಮಾಡಬಹುದಾ, ಅಥವಾ ಸುಮ್ನೆ ಬಿಡಬೇಕಾ?

ಮಡಗಾಂವ್ ಲೋಕಲ್
ಬಿಡಬೇಡ ಮಾರಾಯ. ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳುವ ಚಾಳಿ ನಮ್ಮ ಕಡೆ ಮಾತ್ರ ಅಲ್ಲ, ಗೋವಾದಲ್ಲೂ ಇದೆ. ಹುಡುಗರು ಮಧ್ಯದಲ್ಲಿ ಓಡಿ ಹೋಗಬಾರದು ಅಂತ ಇಟ್ಟುಕೊಳ್ತಾರೆ. ಒರಿಜಿನಲ್ ಯಾವತ್ತೂ ಕೊಡಬಾರದು, ತೋರಿಸಿ ವಾಪಸ್ ತಗೊಳ್ಳಬೇಕು. ಈಗ ಹೇಳಿ ಪ್ರಯೋಜನ ಇಲ್ಲ ಬಿಡು.

ಹಳೇ ಗುಮಾಸ್ತ
ವಕೀಲರ ಹತ್ತಿರ ಗುಮಾಸ್ತನಾಗಿ ಇಂಥ ಫೈಲು ಬಹಳ ಹೊತ್ತಿದ್ದೇನೆ, ಗೊತ್ತಿದ್ದಷ್ಟು ಹೇಳ್ತೇನೆ.

ಕಾಗದ ಕೊಡದೇ ಇದ್ದದ್ದು ನಿಮ್ಮ ತಪ್ಪಲ್ಲ, ಅವರದ್ದು. ಕರ್ನಾಟಕದ ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆ 1961ರದ್ದು, ಹೋಟೆಲ್ಲು ಲಾಡ್ಜು ಎಲ್ಲ ಅದರೊಳಗೆ ಬರುತ್ತದೆ. ಸೇರಿದ 30 ದಿನದೊಳಗೆ ನೇಮಕದ ಆದೇಶ ಬರೆದು ಕೊಡಬೇಕು ಅಂತ ಅದರಲ್ಲೇ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳೂ (ಹಳೇ ಕಾರ್ಮಿಕ ಕಾಯ್ದೆಗಳನ್ನು ಒಟ್ಟು ಸೇರಿಸಿದ ಕೇಂದ್ರದ ಕಾನೂನು) ಜಾರಿಗೆ ಬಂದವು, ಅಲ್ಲೂ ನೇಮಕದ ಪತ್ರ ಕಡ್ಡಾಯ.

ಸಂಬಳದ ವಿಷಯ ಇನ್ನೂ ಸರಳ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಕಿನೊಳಗೆ ಬರಬೇಕು. ಕೆಲಸದಿಂದ ತೆಗೆದರೆ, ಅಥವಾ ನೀವೇ ಬಿಟ್ಟರೂ, ವೇತನ ಸಂಹಿತೆ ಪ್ರಕಾರ ಎರಡು ಕೆಲಸದ ದಿನದೊಳಗೆ ಎಲ್ಲ ಚುಕ್ತಾ. ಸಾಹೇಬರು ಮಳೆಗಾಲ ಮುಗಿಸಿಕೊಂಡು ಬರುವವರೆಗೆ ಕಾಯಿರಿ ಅಂತ ಎಲ್ಲೂ ಬರೆದಿಲ್ಲ.

ಡಿಪಾಸಿಟ್ ಅಂತ ಸಂಬಳದಲ್ಲಿ ಹಿಡಿಯುವ ಹಾಗೂ ಇಲ್ಲ. ಯಾವುದಕ್ಕೆ ಕಡಿತ ಮಾಡಬಹುದು ಅಂತ ಸಂಹಿತೆಯಲ್ಲಿ ಪಟ್ಟಿ ಇದೆ, ಗೈರುಹಾಜರಿ, ಪಿಎಫ್, ಮುಂಗಡ, ಉಳಿಯಲು ಕೊಟ್ಟ ಮನೆ, ಹೀಗೆ. ಸೆಕ್ಯುರಿಟಿ ಡಿಪಾಸಿಟ್ ಆ ಪಟ್ಟಿಯಲ್ಲಿಲ್ಲ.

ಕ್ಲೇಮ್ ಹಾಕಲು ಮೂರು ವರ್ಷ ಸಮಯ ಇದೆ. ಸಂಬಳ ಕೊಟ್ಟಿದ್ದೇವೆ ಅಂತ ತೋರಿಸುವ ಹೊಣೆ ಮಾಲೀಕರ ಮೇಲೆ, ಕೊಟ್ಟಿಲ್ಲ ಅಂತ ನೀವು ಸಾಬೀತು ಮಾಡಬೇಕಾಗಿಲ್ಲ. ಬಾಕಿಯ ಮೇಲೆ ಹತ್ತು ಪಟ್ಟಿನವರೆಗೂ ಪರಿಹಾರ ಹಾಕುವ ಅಧಿಕಾರ ಅಧಿಕಾರಿಗೆ ಇದೆ. ಹಾಕೇ ಹಾಕ್ತಾರೆ ಅಂತ ಅಲ್ಲ. ಆದರೆ ನೋಟಿಸಿನಲ್ಲಿ ಆ ಸಾಲು ಬರೆದರೆ ಮ್ಯಾನೇಜರ್ ಫೋನ್ ಎತ್ತುತ್ತಾನೆ.

ಈಗ ನನ್ನ ಪ್ರಶ್ನೆ. ನಿಜವಾಗಿಯೂ ಅಕ್ಟೋಬರ್ 15ಕ್ಕೇ ಶುರು ಮಾಡಿದ್ದಾ? ಅದಕ್ಕೆ ಮುಂಚೆ ಕ್ಲೀನಿಂಗಿಗೆ, ಸುಣ್ಣ ಹೊಡೆಯಲು, ಗದ್ದೆ ಕಡೆಯ ಬೇಲಿ ಕಟ್ಟಲು, ಏನಕ್ಕಾದರೂ ಕರೆದಿದ್ದರಾ? ನೆನಪು ಮಾಡಿ ಹೇಳಿ. ಈ ಒಂದು ವಿಷಯದ ಮೇಲೆ ಬಹಳ ನಿಂತಿದೆ.

ಎಂಟು ರೂಮು
ನಾನು ಮಾಲೀಕರ ಕಡೆಯವನು, ಹೊನ್ನಾವರದಲ್ಲಿ ಎಂಟು ರೂಮಿನ ಹೋಂಸ್ಟೇ. ಬೈಯುವವರು ಬೈಯಲಿ, ಆದರೆ ನಮ್ಮ ಕಷ್ಟವನ್ನೂ ಕೇಳಿ. ಜೂನ್ ಮೊದಲ ವಾರ ಸಮುದ್ರ ಎದ್ದಿತು ಅಂದರೆ ಸೆಪ್ಟೆಂಬರ್‌ವರೆಗೆ ಒಂದು ಗಿರಾಕಿ ಇಲ್ಲ. ಹಾಸಿಗೆ ಬೂಸ್ಟು ಹಿಡೀತದೆ, ಕರೆಂಟ್ ಬಿಲ್ ಮಾತ್ರ ಬರ್ತದೆ. ಆ ನಾಲ್ಕು ತಿಂಗಳು ಆರು ಜನಕ್ಕೆ ಸಂಬಳ ಎಲ್ಲಿಂದ ತರುವುದು? ಮಳೆಗಾಲಕ್ಕೆ ಮನೆಗೆ ಹೋಗಿ ಬಾ ಅನ್ನುವುದು ಈ ಕರಾವಳಿಯಲ್ಲಿ ಅಪರಾಧ ಅಲ್ಲ, ಬೋಟಿನವರೂ ಅದನ್ನೇ ಮಾಡ್ತಾರೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಬೋಟಿನ ಮೀನುಗಾರಿಕೆಯೇ ಬಂದ್ ಅಲ್ವಾ. ಸಂಬಳ, ಡಿಪಾಸಿಟ್ ಹಿಡಿದದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ.

ಹಳೇ ಗುಮಾಸ್ತ
ನೀವು ಹೇಳುವುದರಲ್ಲಿ ನ್ಯಾಯ ಇದೆ, ಕಾನೂನೂ ಅದನ್ನು ಒಪ್ಪುತ್ತದೆ. "ಬಾಗಿಲು ಹಾಕ್ತೇವೆ, ಅಕ್ಟೋಬರ್‌ಗೆ ಬಾ" ಅನ್ನುವುದು ಒಂದು. "ಇನ್ನು ನೀನು ಬೇಡ, ಬೇರೆ ಕಡೆ ನೋಡ್ಕೊ" ಅನ್ನುವುದು ಇನ್ನೊಂದು. ಎರಡನೆಯದು ಕೆಲಸದಿಂದ ತೆಗೆದದ್ದು. ಅವರು ಅದನ್ನು ಬರೆದೇ ಕಳಿಸಿದ್ದಾರೆ, ಪುಣ್ಯಾತ್ಮರು.

ನೀವು ಒಂದು ಕೆಲಸ ಮಾಡಿ. ಸೀಸನ್ ಶುರುವಿಗೇ ಅವಧಿ ನಮೂದಿಸಿ ಪತ್ರ ಕೊಡಿ. ಅಕ್ಟೋಬರ್ ಇಷ್ಟರಿಂದ ಮೇ ಇಷ್ಟರವರೆಗೆ, ಸಂಬಳ ಇಷ್ಟು, ವಾರಕ್ಕೊಂದು ರಜೆ, ದಿನಕ್ಕೆ ಎಂಟು ಗಂಟೆ, ಮೇಲಿನ ಗಂಟೆಗೆ ಡಬಲ್. ಅರ್ಧ ಪುಟ ಸಾಕು, ಕನ್ನಡದಲ್ಲೇ ಬರೆಯಿರಿ. ಅವಧಿ ಮುಗಿದಾಗ ಅದು ತಾನಾಗಿ ಮುಗಿದ ಕೆಲಸ, ತೆಗೆದದ್ದಲ್ಲ. ಆ ಅವಧಿಯಲ್ಲಿ ಕಾಯಂ ಹುಡುಗರಿಗೆ ಕೊಡುವುದನ್ನೇ ಅವರಿಗೂ ಕೊಡಬೇಕು, ಅಷ್ಟು ನೆನಪಿರಲಿ.

ಅಡುಗೆಮನೆ ಹುಡುಗ
ಗುಮಾಸ್ತರೇ, ಹೌದು. ಸೆಪ್ಟೆಂಬರ್ ಕೊನೆಗೇ ಕರೆದಿದ್ದರು. ಫೋನಿನಲ್ಲಿ ಹುಡುಕಿದೆ. ಸೆಪ್ಟೆಂಬರ್ 28ಕ್ಕೆ ಬೆಳಿಗ್ಗೆ ಫ್ರಿಜ್ ಬಾಗಿಲು ತೆಗೆದರೆ ಒಳಗೆಲ್ಲ ಕಪ್ಪು ಬೂಸ್ಟು, ರಬ್ಬರ್ ಬೀಡಿಂಗ್ ಕೈಗೇ ಕಿತ್ತು ಬಂತು. ಫೋಟೋ ತೆಗೆದು ಮ್ಯಾನೇಜರಿಗೆ ಕಳಿಸಿ "ಎಸೀಬೇಕಾ" ಅಂತ ಕೇಳಿದ್ದೆ. "ಬೇಡ, ಸೋಡಾ ಹಾಕಿ ತೊಳಿ" ಅಂತ ಅವರ ಉತ್ತರ ಇನ್ನೂ ಇದೆ. ಆ ಹದಿನೇಳು ದಿನಕ್ಕೆ ದಿನಕ್ಕೆ 500ರ ಹಾಗೆ 8,500 ಫೋನ್‌ಪೇ ಮಾಡಿದ್ದರು. ಅದು ಕೂಲಿ ಅಂದುಕೊಂಡಿದ್ದೆ, ಕೆಲಸಕ್ಕೆ ಸೇರಿದ್ದು ಅಂತ ಲೆಕ್ಕ ಹಾಕಿರಲಿಲ್ಲ.

ಹಳೇ ಗುಮಾಸ್ತ
ಆ ಫ್ರಿಜ್ಜಿನ ಫೋಟೋ ಡಿಲೀಟ್ ಮಾಡಬೇಡಿ! ಫೋನನ್ನೂ ಬದಲಿಸಬೇಡಿ.

ಯಾಕೆ ಅಂತ ಹೇಳ್ತೇನೆ, ಸ್ವಲ್ಪ ಉದ್ದ ಆಗುತ್ತದೆ. ಕೆಲಸದಿಂದ ತೆಗೆಯುವುದಕ್ಕೆ ಎರಡು ಲೆಕ್ಕ ಇದೆ. ಒಂದು, ಅಂಗಡಿ ಕಾಯ್ದೆಯದ್ದು. ಆರು ತಿಂಗಳು ಸತತ ಕೆಲಸ ಮಾಡಿದವರನ್ನು ಸರಿಯಾದ ಕಾರಣ ಇಲ್ಲದೆ, ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ ಇಲ್ಲದೆ ತೆಗೆಯುವ ಹಾಗಿಲ್ಲ. ಅಕ್ಟೋಬರ್ 15ರಿಂದ ಲೆಕ್ಕ ಹಾಕಿದರೂ ನಿಮಗೆ ಏಳೂವರೆ ತಿಂಗಳು ಆಗಿದೆ, ಇದು ಸಿಗಬೇಕು.

ಎರಡನೆಯದು ಕೈಗಾರಿಕಾ ಸಂಬಂಧಗಳ ಸಂಹಿತೆಯದ್ದು, ಹಳೇ 1947ರ ಕೈಗಾರಿಕಾ ವಿವಾದ ಕಾಯ್ದೆಯಿಂದಲೂ ಇರುವಂಥದ್ದೇ. ಹಿಂದಿನ 12 ತಿಂಗಳಲ್ಲಿ 240 ದಿನ ಕೆಲಸ ಮಾಡಿದ್ದರೆ ಅದನ್ನು ಒಂದು ವರ್ಷದ ಸೇವೆ ಅಂತ ಎಣಿಸುತ್ತಾರೆ. ಆಗ ನೋಟಿಸಿನ ಮೇಲೆ, ಪ್ರತಿ ವರ್ಷದ ಸೇವೆಗೆ 15 ದಿನದ ಸಂಬಳ ಪರಿಹಾರ. ಅಕ್ಟೋಬರ್ 15ರಿಂದ ಮೇ 31ರವರೆಗೆ ಎಣಿಸಿ ನೋಡಿ, 17, 30, 31, 31, 28, 31, 30, 31. ಒಟ್ಟು 229. ಹನ್ನೊಂದು ದಿನ ಕಡಿಮೆ. ಬಹಳ ಕಡೆ ಸೀಸನ್ ಹುಡುಗರ ತಾರೀಕು ಹೀಗೇ 240ರ ಈಚೆಗೆ ನಿಲ್ಲುತ್ತದೆ, ಕಾಕತಾಳೀಯ ಅಂತ ನನಗೆ ಅನ್ನಿಸುವುದಿಲ್ಲ. ಸೆಪ್ಟೆಂಬರ್ 28ರಿಂದಾದರೆ ಇನ್ನು 17 ಸೇರಿ 246. ದಿನಗೂಲಿ ಕೊಟ್ಟಿದ್ದರೂ ಕೆಲಸ ಕೆಲಸವೇ, ಅದೇ ಮಾಲೀಕ, ಅದೇ ಅಡುಗೆಮನೆ.

ವಾರದ ರಜೆಗೆ ಸಂಬಳ ಕಡಿದಿಲ್ಲ ಅಂದರೆ ಅದೂ ಎಣಿಕೆಗೆ ಸೇರುತ್ತದೆ, ಸುಪ್ರೀಂ ಕೋರ್ಟ್ 1985ರಲ್ಲೇ ಹೇಳಿದೆ. ಸಂಬಳ ಇಲ್ಲದ ರಜೆ ಎಷ್ಟು ದಿನ ಹಾಕಿದ್ದೀರಿ?

ಅಡುಗೆಮನೆ ಹುಡುಗ
ಮೇ ತಿಂಗಳಲ್ಲಿ ಬಂಡಿಹಬ್ಬಕ್ಕೆ ಊರಿಗೆ ಹೋಗಿದ್ದೆ, ನಾಲ್ಕು ದಿನ. ಅದಕ್ಕೆ ಸಂಬಳ ಕಡಿತ ಅಂತ ಆವಾಗಲೇ ಹೇಳಿದ್ದರು. ಬೇರೆ ಯಾವ ರಜೆಯೂ ಇಲ್ಲ, ಜ್ವರ ಬಂದಾಗಲೂ ಈರುಳ್ಳಿ ಹೆಚ್ಚಿದ್ದೇನೆ.

ಮಡಗಾಂವ್ ಲೋಕಲ್
242! ಇನ್ನೂ ಮೂರು ದಿನ ಹಬ್ಬ ಮಾಡಿದ್ದರೆ ಹೋಗಿತ್ತು.

ಎಂಟು ರೂಮು
ಇದು ನನಗೂ ಗೊತ್ತಿರಲಿಲ್ಲ ಮಾರಾಯ್ರೆ. ನಾನೂ ಸೆಪ್ಟೆಂಬರ್‌ನಲ್ಲಿ ಕ್ಲೀನಿಂಗಿಗೆ ಅವೇ ಹುಡುಗರನ್ನು ಕರೆಯುವುದು. ಹಾಜರಿ ಪುಸ್ತಕ ಶುರುವಾಗುವುದು ಮಾತ್ರ ಮೊದಲ ಗೆಸ್ಟ್ ಬಂದ ದಿನದಿಂದ. ಪೆನ್ಸಿಲ್ಲಿನಲ್ಲಿ ಬರೆದದ್ದು ಬೇರೆ.

ಹಳೇ ಗುಮಾಸ್ತ
ಪೆನ್ಸಿಲ್ ಬಿಡಿ, ಪೆನ್ ತಗೊಳ್ಳಿ. ಹುಡುಗರ ಸಹಿಯೂ ಇರಲಿ. ನಾಳೆ ಯಾರಾದರೂ ಸುಳ್ಳು ಕ್ಲೇಮ್ ಹಾಕಿದರೆ ನಿಮ್ಮನ್ನು ಕಾಯುವುದೂ ಅದೇ ಪುಸ್ತಕ.

ಶಿರಸಿ ಹಪ್ಪಳ
ಮಧ್ಯೆ ಬಂದೆ, ಕ್ಷಮಿಸಿ. ಶಿರಸಿ ಹತ್ತಿರ ಹಲಸಿನ ಹಪ್ಪಳ, ಚಿಪ್ಸ್, ಕೋಕಂ ಜ್ಯೂಸಿನ ಚಿಕ್ಕ ಘಟಕ ಶುರು ಮಾಡಿದ್ದೇನೆ. ಏಳು ಜನ ಹೆಂಗಸರು ವರ್ಷವಿಡೀ, ಏಪ್ರಿಲ್ ಮೇನಲ್ಲಿ ಹಲಸು ಜಾಸ್ತಿ ಇರುವಾಗ ಇನ್ನು ನಾಲ್ವರು. ನನ್ನ ಆಡಿಟರ್ ಒಂದು ಹೇಳ್ತಾರೆ, ಪಕ್ಕದ ಮಿಲ್ಲಿನವರು ಇನ್ನೊಂದು ಹೇಳ್ತಾರೆ. "ಹತ್ತು ದಾಟಿಸಬೇಡಿ, ದಾಟಿದರೆ ಕಷ್ಟ" ಅಂತ ಎಲ್ಲರೂ ಹೆದರಿಸುತ್ತಾರೆ. ಹತ್ತು ದಾಟಿದರೆ ಏನಾಗ್ತದೆ? ಎರಡು ತಿಂಗಳಿಗೆ ಮಾತ್ರ ದಾಟಿದರೆ?

ಹಳೇ ಗುಮಾಸ್ತ
ನೀವು ಈಗಾಗಲೇ ದಾಟಿದ್ದೀರಿ ತಂಗಿ. ಏಳು ಪ್ಲಸ್ ನಾಲ್ಕು ಹನ್ನೊಂದು. ಇಎಸ್‌ಐಗೂ (ಕಾರ್ಮಿಕರ ಸರ್ಕಾರಿ ವಿಮೆ) ಗ್ರಾಚ್ಯುಟಿಗೂ (ಕೆಲಸ ಬಿಡುವಾಗ ಕೊಡುವ ಇಡಿಗಂಟು) ಸರಾಸರಿ ನೋಡುವುದಿಲ್ಲ, ಹತ್ತು ಮುಟ್ಟಿದ್ದಾರಾ ಅಂತಷ್ಟೇ ನೋಡುತ್ತಾರೆ. ಒಮ್ಮೆ ಒಳಗೆ ಬಂದ ಮೇಲೆ ಜೂನ್‌ನಲ್ಲಿ ಏಳಕ್ಕೆ ಇಳಿದರೂ ಹೊರಗೆ ಹೋಗುವುದಿಲ್ಲ.

ಆದರೆ ಹೆದರುವಂಥದ್ದು ಏನು ಅಂತ ಲೆಕ್ಕ ಹಾಕಿ. ಇಎಸ್‌ಐ 21,000ದವರೆಗಿನ ಸಂಬಳದವರಿಗೆ. ಅವರಿಂದ ಶೇ. 0.75, ನಿಮ್ಮಿಂದ ಶೇ. 3.25. 10,000 ಸಂಬಳದವಳಿಗೆ ಅವಳ ಕೈಯಿಂದ 75 ರೂಪಾಯಿ, ನಿಮ್ಮ ಕೈಯಿಂದ 325. ಅದರಲ್ಲಿ ಅವಳಿಗೂ ಮನೆಯವರಿಗೂ ಔಷಧೋಪಚಾರ, ಹುಷಾರಿಲ್ಲದೆ ಮಲಗಿದರೆ ವರ್ಷಕ್ಕೆ 91 ದಿನದವರೆಗೆ ಶೇ. 70 ಸಂಬಳ. ಹೆರಿಗೆಯದ್ದು ಇನ್ನೂ ಮುಖ್ಯ. 26 ವಾರದ ಸಂಬಳ ನೀವು ಕೈಯಿಂದ ಕೊಡಬೇಕಾಗಿತ್ತು, ಇಎಸ್‌ಐ ಇದ್ದರೆ ಅದು ಅವರೇ ಕೊಡುತ್ತಾರೆ. ಹೆಂಗಸರೇ ಕೆಲಸ ಮಾಡುವ ಘಟಕಕ್ಕೆ ಇದು ಖರ್ಚಲ್ಲ, ವಿಮೆ. ಈ ಮಾತು ಆಡಿಟರ್ ಹೇಳಬೇಕಿತ್ತು.

ಪಿಎಫ್ 20 ಜನಕ್ಕೆ, ಸದ್ಯ ನಿಮಗೆ ಕಡ್ಡಾಯ ಇಲ್ಲ. ಕನಿಷ್ಠ ವೇತನ ಮಾತ್ರ ಒಬ್ಬರೇ ಇದ್ದರೂ ಕಡ್ಡಾಯ. ಅದರ ತುಟ್ಟಿಭತ್ಯೆ ಪ್ರತಿ ವರ್ಷ ಏಪ್ರಿಲ್ 1ಕ್ಕೆ ಬದಲಾಗುತ್ತದೆ, ಹೋದ ವರ್ಷದ ಅಂಕಿ ಇಟ್ಟುಕೊಂಡು ಕೂರಬೇಡಿ. ಹಪ್ಪಳಕ್ಕೆ ಇಷ್ಟು ಅಂತ ಲೆಕ್ಕದ ಮೇಲೆ ಕೊಟ್ಟರೂ ದಿನದ ಕೊನೆಗೆ ಕೈಗೆ ಬಂದದ್ದು ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯಬಾರದು.

ಶಿರಸಿ ಹಪ್ಪಳ
ಅಡ್ಡಿಲ್ಲ, ಇಷ್ಟು ಬಿಡಿಸಿ ಯಾರೂ ಹೇಳಿರಲಿಲ್ಲ. ಸುಮ್ನೆ ಹೆದರಿ ನಾಲ್ವರ ಹೆಸರು ಪುಸ್ತಕದಲ್ಲಿ ಬರೆಯದೇ ಬಿಡೋಣ ಅಂತಿದ್ದೆ. ಬರೆಯುವುದಾ?

ಹಳೇ ಗುಮಾಸ್ತ
ಬರೆಯಿರಿ. ಎಣ್ಣೆ ಬಾಣಲೆ ಎದುರು ಕೂತವರಿಗೆ ನಾಳೆ ಕೈ ಸುಟ್ಟರೆ ಪುಸ್ತಕದಲ್ಲಿ ಹೆಸರಿಲ್ಲದ ಹೆಂಗಸಿನ ಆಸ್ಪತ್ರೆ ಬಿಲ್ಲು, ಪರಿಹಾರ ಎಲ್ಲ ನಿಮ್ಮ ತಲೆ ಮೇಲೆ.

ಕಡವಾಡ ತಂಗಿ
ಹೆಂಗಸರ ಮಾತು ಬಂತಲ್ಲ, ಒಂದು ಸೇರಿಸ್ತೇನೆ. ಹತ್ತು ಜನ ಇದ್ದರೆ ಲೈಂಗಿಕ ಕಿರುಕುಳದ ದೂರಿಗೆ ಒಳಗೇ ಒಂದು ಸಮಿತಿ ಇರಬೇಕು, 2013ರ ಕಾಯ್ದೆ. ಹತ್ತಕ್ಕಿಂತ ಕಡಿಮೆ ಇದ್ದರೆ, ಅಥವಾ ಮಾಲೀಕನ ಮೇಲೇ ದೂರು ಇದ್ದರೆ, ಜಿಲ್ಲೆಯ ಸ್ಥಳೀಯ ಸಮಿತಿಗೆ ಹೋಗಬಹುದು. ಮೂರು ತಿಂಗಳೊಳಗೆ ಬರೆದು ಕೊಡಬೇಕು. ನಾನು ಹಿಂದೆ ಕೆಲಸ ಮಾಡುತ್ತಿದ್ದ ಅಂಗಡಿಯಲ್ಲಿ ನಾಲ್ಕೇ ಜನ. ನಾಲ್ಕು ಜನದ ಅಂಗಡಿಗೆ ಎಂಥ ಸಮಿತಿ ಅಂತ ನಾನೇ ನಕ್ಕು ಸುಮ್ಮನಾಗಿದ್ದೆ. ಆಮೇಲೆ ಗೊತ್ತಾಯಿತು, ಅಷ್ಟರಲ್ಲಿ ಐದು ತಿಂಗಳು ಕಳೆದಿತ್ತು.

ಬೈತಖೋಲ ಬೋಟು
ನಮ್ಮದು ಯಾವ ಲೆಕ್ಕಕ್ಕೂ ಬರುವುದಿಲ್ಲ ಅನ್ನಿಸ್ತದೆ. ಬೋಟಿನಲ್ಲಿ ಸಂಬಳ ಅಂತ ಇಲ್ಲ, ಪಾಲು. ಡೀಸೆಲ್, ಐಸು ಕಳೆದು ಉಳಿದದ್ದರಲ್ಲಿ ಮಾಲೀಕನಿಗೆ ಇಷ್ಟು, ನಮಗೆ ಇಷ್ಟು. ಮೀನು ಸಿಗಲಿಲ್ಲ ಅಂದರೆ ನಾವೂ ಸೊನ್ನೆ. ನನ್ನ ಅಣ್ಣನ ಬೆರಳು ಬಲೆ ಎಳೆಯುವ ವಿಂಚಿಗೆ ಸಿಕ್ಕಿ ಹೋಯಿತು, "ನೀನು ಪಾಲುದಾರ, ಕೆಲಸಗಾರ ಅಲ್ಲ" ಅಂದರು. ಪಾಲುದಾರ ಅಂದರೆ ಬೋಟಿನ ಕಾಗದದಲ್ಲಿ ಹೆಸರು ಇರಬೇಕಲ್ವಾ ಅಂತ ಅಣ್ಣ ಕೇಳಿದ, ಎಲ್ಲ ನಕ್ಕರು.

ಹಳೇ ಗುಮಾಸ್ತ
ಅಣ್ಣ ಕೇಳಿದ್ದು ವಕೀಲರು ಕೇಳಬೇಕಾದ ಪ್ರಶ್ನೆಯೇ. ಪಾಲು ಅಂತ ಹೆಸರಿಟ್ಟ ಮಾತ್ರಕ್ಕೆ ಪಾಲುದಾರ ಆಗುವುದಿಲ್ಲ. ಯಾವಾಗ ಹೋಗಬೇಕು, ಎಲ್ಲಿ ಬಲೆ ಹಾಕಬೇಕು ಅಂತ ಹೇಳುವವರು ಯಾರು, ಬೇಡ ಅಂತ ಇಳಿಸುವ ಅಧಿಕಾರ ಯಾರಿಗೆ, ನಷ್ಟ ಬಂದರೆ ಸಾಲ ಯಾರ ಹೆಸರಲ್ಲಿ, ಇವನ್ನು ನೋಡಿ ತೀರ್ಮಾನ ಆಗುತ್ತದೆ. 1923ರ ಪರಿಹಾರ ಕಾಯ್ದೆಯಲ್ಲೇ ಹಡಗಿನ ಸಿಬ್ಬಂದಿಯ ಮಾತಿತ್ತು. ವಾದ ಮಾಡುವಷ್ಟು ಜಾಗ ಇದೆ. ಸುಲಭ ಅಂತ ಹೇಳುವುದಿಲ್ಲ.

ಅದಕ್ಕೆ ಮುಂಚೆ ಮೀನುಗಾರಿಕೆ ಇಲಾಖೆಯ ಗುಂಪು ಅಪಘಾತ ವಿಮೆಯಲ್ಲಿ ಅಣ್ಣನ ಹೆಸರಿದೆಯಾ ಅಂತ ಸೊಸೈಟಿಯಲ್ಲಿ ಕೇಳಿ. ಸಾವು ಅಥವಾ ಪೂರ್ತಿ ಅಂಗವೈಕಲ್ಯಕ್ಕೆ 5 ಲಕ್ಷ, ಭಾಗಶಃ ಶಾಶ್ವತ ಅಂಗವೈಕಲ್ಯಕ್ಕೆ 2.5 ಲಕ್ಷ. ಮಾಲೀಕನ ಜೊತೆ ಜಗಳ ಇಲ್ಲದೆ ಬರುವ ದುಡ್ಡು ಅದು.

ಮಡಗಾಂವ್ ಲೋಕಲ್
ನನ್ನದೂ ಒಂದು. ಕಾರವಾರದಿಂದ ದಿನಾ ರೈಲಿನಲ್ಲಿ ಗೋವಾಕ್ಕೆ ಹೋಗಿ ಬರುವವರು ಬಹಳ ಇದ್ದೇವೆ. ಓವರ್‌ಟೈಮ್ ಕೊಡದಿದ್ದರೆ ಕಾರವಾರದ ಕಚೇರಿಗೆ ಕೊಡಬಹುದಾ?

ಹಳೇ ಗುಮಾಸ್ತ
ಇಲ್ಲ. ಮನೆ ಎಲ್ಲಿದೆ ಅಂತ ಅಲ್ಲ, ಕೆಲಸ ಎಲ್ಲಿದೆ ಅಂತ ನೋಡಬೇಕು. ಗೋವಾದ ಕಾರ್ಮಿಕ ಇಲಾಖೆಗೇ ಹೋಗಿ. ಕನಿಷ್ಠ ವೇತನವೂ ಅಲ್ಲಿಯದ್ದೇ. ಪಿಎಫ್ ಮಾತ್ರ ಎಲ್ಲಿದ್ದರೂ ಒಂದೇ, ಯುಎಎನ್ (ಪಿಎಫ್ ಖಾತೆಯ) ನಂಬರ್ ಇದ್ದರೆ ಪಾಸ್‌ಬುಕ್ ಮನೆಯಲ್ಲೇ ನೋಡಬಹುದು. ಸ್ಲಿಪ್ಪಿನಲ್ಲಿ ಕಡಿತ ಕಾಣುತ್ತದೆ, ಪಾಸ್‌ಬುಕ್ಕಿನಲ್ಲಿ ಜಮಾ ಕಾಣುವುದಿಲ್ಲ ಅಂದರೆ ಆವತ್ತೇ ದೂರು ಹಾಕಿ.

ಅಡುಗೆಮನೆ ಹುಡುಗನಿಗೆ: ಗೋಕರ್ಣ ಕುಮಟಾ ತಾಲೂಕು, ಹಾಗಾಗಿ ಕುಮಟಾದಲ್ಲಿ ಕಾರ್ಮಿಕ ನಿರೀಕ್ಷಕರಿಗೆ ಅರ್ಜಿ ಕೊಡಿ. ಮೊದಲು ಮಾಲೀಕರಿಗೆ ಸ್ಪೀಡ್ ಪೋಸ್ಟಿನಲ್ಲಿ ಒಂದು ಪತ್ರ. ಬೈಗುಳ ಬೇಡ, ಕಥೆ ಬೇಡ. "ಸೆಪ್ಟೆಂಬರ್ 28ರಿಂದ ಮೇ 31ರವರೆಗೆ ನಿಮ್ಮಲ್ಲಿ ಅಡುಗೆ ಸಹಾಯಕನಾಗಿ ಕೆಲಸ ಮಾಡಿದ್ದೇನೆ. ಮೇ ಸಂಬಳ 14,000ದಲ್ಲಿ ನಾಲ್ಕು ದಿನದ ರಜೆ ಕಳೆದು ಉಳಿದದ್ದು, ಡಿಪಾಸಿಟ್ 5,000, ನೋಟಿಸ್ ಬದಲಿಗೆ ಒಂದು ತಿಂಗಳ ಸಂಬಳ 14,000, 15 ದಿನದ ಪರಿಹಾರ, ಒರಿಜಿನಲ್ ಅಂಕಪಟ್ಟಿ, ಇವನ್ನು ಏಳು ದಿನದೊಳಗೆ ಕೊಡಿ." ನಾಲ್ಕು ದಿನದ್ದು ನೀವೇ ಕಳೆಯಿರಿ, ಲೆಕ್ಕ ನೇರವಾಗಿದ್ದರೆ ಉಳಿದದ್ದನ್ನು ನಂಬುತ್ತಾರೆ. ಕೆಲಸದಿಂದ ತೆಗೆದ ವಿವಾದಕ್ಕೆ ಎರಡು ವರ್ಷದ ಮಿತಿ, ಸಂಬಳದ ಹಾಗೆ ಮೂರಲ್ಲ. ತಡ ಮಾಡಬೇಡಿ. ವಕೀಲರು ಬೇಕಾದರೆ ಕಾನೂನು ಸೇವಾ ಸಮಿತಿಗೆ ಹೋಗಿ, 15100ಕ್ಕೆ ಫೋನ್ ಮಾಡಿದರೂ ಆಗುತ್ತದೆ. ಹೆಂಗಸರಿಗೆ, ಪರಿಶಿಷ್ಟ ಜಾತಿ ಪಂಗಡದವರಿಗೆ, ಕೈಗಾರಿಕಾ ಕಾರ್ಮಿಕರಿಗೆ ಅಲ್ಲಿ ವಕೀಲರು ಪುಕ್ಕಟೆ.

ಎಂಟು ರೂಮು
ತಮಾ, ಪತ್ರ ಕಳಿಸಿದ ಮೇಲೆ ಅವರು ಫೋನ್ ಮಾಡಿ "ಅಕ್ಟೋಬರ್‌ಗೆ ಕರೀತೇವೆ, ಯಾಕೆ ಗಲಾಟೆ" ಅಂತಾರೆ. ನಾನಾಗಿದ್ದರೂ ಅದನ್ನೇ ಹೇಳುತ್ತಿದ್ದೆ, ಸುಳ್ಳು ಯಾಕೆ. ಬಾಯಲ್ಲಿ ಹೇಳಿದ್ದಕ್ಕೆ ಹೂಂ ಅನ್ನಬೇಡ, ಬರೆದು ಕಳಿಸಿ ಅನ್ನು.

ಅಡುಗೆಮನೆ ಹುಡುಗ
ಐದು ವಾರದ ನಂತರ ಬರೆಯುತ್ತಿದ್ದೇನೆ. ಪತ್ರಕ್ಕೆ ಉತ್ತರ ಬರಲಿಲ್ಲ. ಕುಮಟಾದಲ್ಲಿ ಅರ್ಜಿ ಕೊಟ್ಟೆ, ಅವರಿಗೆ ನೋಟಿಸ್ ಹೋಯಿತು. ಮೊನ್ನೆ ಕರೆದಿದ್ದರು. ಹೊರಗೆ ಭಯಂಕರ ಮಳೆ, ಮ್ಯಾನೇಜರ್ ಒದ್ದೆ ಛತ್ರಿ ಹಿಡಿದುಕೊಂಡೇ ಒಳಗೆ ಬಂದರು. ಮೇ ಸಂಬಳ, ಡಿಪಾಸಿಟ್ ಎರಡೂ ಅಲ್ಲೇ ಕೊಟ್ಟರು, ಸಹಿ ಹಾಕಿ ತಗೊಂಡೆ. ಸಹಿಯ ಮೇಲೆ "ಪೂರ್ತಿ ಬಾಕಿ ತೀರಿದೆ" ಅಂತ ಬರೆದುಕೊಂಡು ಬಂದಿದ್ದರು. ಅದನ್ನು ಹೊಡೆದು ಹಾಕಿ "ಮೇ ಸಂಬಳ ಮತ್ತು ಡಿಪಾಸಿಟ್ ಮಾತ್ರ" ಅಂತ ಬರೆದೇ ಸಹಿ ಮಾಡಿದೆ. ಕೈ ನಡುಗುತ್ತಿತ್ತು, ಸುಳ್ಳಲ್ಲ.

ನೋಟಿಸ್ ಸಂಬಳಕ್ಕೆ ಒಪ್ಪಲಿಲ್ಲ. ಎಂಟು ರೂಮಿನವರು ಹೇಳಿದ ಮಾತನ್ನೇ ಹೇಳಿದರು, "ಅಕ್ಟೋಬರ್‌ಗೆ ಕರೆಯುವವರಿದ್ದೆವು." ವಾಟ್ಸಾಪ್ ತೋರಿಸಿದೆ. ಸಿಟ್ಟಿನಲ್ಲಿ ಕಳಿಸಿದ್ದು ಅಂದರು. ಸೆಪ್ಟೆಂಬರ್‌ನಲ್ಲಿ ನೀನು ಇರಲೇ ಇಲ್ಲ ಅಂದರು. ಫ್ರಿಜ್ಜಿನ ಫೋಟೋ ತೋರಿಸಿದೆ. ಸ್ವಲ್ಪ ಹೊತ್ತು ನೋಡಿ "ಆ ಫ್ರಿಜ್ ಈಗಲೂ ನಡೀತದೆ" ಅಂತ ಅಂದರು, ಬೇರೆ ಏನೂ ಹೇಳಲಿಲ್ಲ. ಮುಂದಿನ ತಾರೀಕು ಮೂರು ವಾರದ ನಂತರ.

ಮಾರ್ಕ್ಸ್ ಕಾರ್ಡ್ ಸಿಕ್ಕಿತು. ಮೂಲೆಯಲ್ಲಿ ಅರಿಶಿನದ ಕಲೆ, ಯಾರದ್ದೋ ಕೈ.

ಹಳೇ ಗುಮಾಸ್ತ
ಆ ಸಾಲು ಹೊಡೆದು ಹಾಕಿದ್ದು ಬಹಳ ಒಳ್ಳೇದಾಯಿತು. ಸಹಿ ಮಾಡಿದ್ದರ ಪ್ರತಿ ಇಟ್ಟುಕೊಂಡಿದ್ದೀರಿ ತಾನೇ? ಮುಂದಿನ ಸಲಕ್ಕೆ 8,500 ಬಂದ ಫೋನ್‌ಪೇ ಹಾಳೆಯನ್ನೂ ಬ್ಯಾಂಕ್ ಸ್ಟೇಟ್‌ಮೆಂಟನ್ನೂ ಪ್ರಿಂಟ್ ತೆಗೆದು ಒಯ್ಯಿರಿ, ಎರಡೆರಡು ಪ್ರತಿ. ಮಳೆ ಇದೆ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ.